ಇಲ್ಲದ ಕಾನೂನಿನ ಕರೆ

"ಇನ್ನೊಂದು ಸಲ ಹೇಳಿ ಮೂರ್ತಿಯವರೇ. ಆ ಹೆಂಗಸು ಫೋನಲ್ಲಿ ಏನಂದ್ಲು? ಒಂದಕ್ಷರ ಬಿಡಬೇಡಿ."

"ಎಷ್ಟು ಸಲ ಹೇಳೋದು ಮೇಡಂ? ನಾನೇನು ಟೇಪ್ ರೆಕಾರ್ಡರಾ?"

ವೆಂಕಟೇಶಮೂರ್ತಿ ಸೂಟ್‌ಕೇಸಿನ ಮೇಲೆ ಮಂಡಿಯೂರಿ ಜಿಪ್ ಎಳೆಯುತ್ತಿದ್ದರು. ಜಿಪ್ ಮುಂದಕ್ಕೆ ಹೋಗಲಿಲ್ಲ. ಕೋಪದಲ್ಲಿ ತುರುಕಿದ ಬಟ್ಟೆ ಯಾವ ಸೂಟ್‌ಕೇಸಿಗೂ ಹಿಡಿಸುವುದಿಲ್ಲ, ಅದನ್ನು ಅವರಿಗೆ ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಡಬ್ಲಿನ್ನಿನ ಹೊರವಲಯದ ಕ್ಲಾಂಡಾಲ್ಕಿನ್ನಿನ ಆ ಮನೆಯ ಬಾಗಿಲಲ್ಲಿ ಸಾಲಾಗಿ ಸಾಮಾನು. ಸಂಜೆ ಬೆಂಗಳೂರಿಗೆ ವಿಮಾನ. ಹದಿನೇಳರ ಮಗಳು ನಿಸರ್ಗಾ ಬಸುರಿ ಎಂದು ಯಾರೋ ಕ್ಲಿನಿಕ್ಕಿನವರೆಂದು ಹೇಳಿಕೊಂಡು ಅಪ್ಪನಿಗೆ ಫೋನ್ ಮಾಡಿದ್ದರು. ಆ 'ಯಾರೋ' ಯಾರೆಂದು ಹುಡುಕಿಕೊಡಿ ಎಂದು ಅಳುತ್ತ ನನ್ನ ಬಾಗಿಲು ಬಡಿದವಳು ನಿಸರ್ಗಾಳೇ.

ನಾನು ಪಾರ್ವತಿ. ತುಮಕೂರಿನಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದವಳು. ಈಗ ಮಗಳು ನವ್ಯಾಳೊಂದಿಗೆ ಡಬ್ಲಿನ್ನಿನಲ್ಲಿದ್ದು ಇನ್ಶೂರೆನ್ಸ್ ಕಂಪನಿಗಳಿಗಾಗಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತುತ್ತೇನೆ. ಬೆನ್ನುನೋವೆಂದು ದುಡ್ಡು ಕೇಳಿ ವಾರಾಂತ್ಯಕ್ಕೆ ಫುಟ್‌ಬಾಲ್ ಆಡುವವರನ್ನು ಹಿಡಿದೂ ಹಿಡಿದೂ ನನ್ನ ಮೂಗು ಸುಳ್ಳಿಗೆ ಪಳಗಿದೆ. ಈ ಫೋನ್ ಕರೆ ಮೊದಲ ದಿನದಿಂದಲೇ ನಾರುತ್ತಿತ್ತು.

"ಹೇಳ್ರೀ, ಇದೇ ಕೊನೇ ಸಲ," ಎಂದೆ.

ಮೂರ್ತಿ ನಿಟ್ಟುಸಿರು ಬಿಟ್ಟರು. "ಐರಿಶ್ ಹೆಂಗಸು. ವಯಸ್ಸಾದ ದನಿ. 'ನಿಮ್ಮ ಮಗಳು ಅಬಾರ್ಷನ್‌ಗೆ ಬಂದಿದ್ಲು. ಹದಿನೆಂಟು ತುಂಬೋವರೆಗೂ ಗಾರ್ಡಿಯನ್ ಸೈನ್ ಇಲ್ದೆ ನಾವು ಮುಟ್ಟೋ ಹಾಗಿಲ್ಲ, ಹೆತ್ತವರಿಗೆ ತಿಳಿಸಲೇಬೇಕು, ಅದು ಕಾನೂನು. ಆಗ್ಲೇ ಎರಡು ತಿಂಗಳು ದಾಟಿದೆ' ಅಂದ್ಲು. ಫೋನ್ ಇಟ್ಲು. ನಂಬರ್ ಕಾಣಿಸ್ಲಿಲ್ಲ."

"ನಿಸರ್ಗಾ ಹೋಗಿದ್ದ ಕ್ಲಿನಿಕ್ಕಿಗೆ ನಾನೇ ಫೋನ್ ಮಾಡಿ ಕೇಳಿದೀನಿ. ಅವರು ಯಾರಿಗೂ ಫೋನ್ ಮಾಡಿಲ್ಲ."

"ಮಾಡಿಲ್ಲ ಅಂತಾನೇ ಅಂತಾರೆ."

"ಇಲ್ಲಿ ಹದಿನಾರು ತುಂಬಿದ್ರೆ ಸಾಕು, ತನ್ನ ಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡಬಹುದು ಅಂತ ಆರೋಗ್ಯ ಇಲಾಖೆಯ ವೆಬ್‌ಸೈಟನ್ನೇ ತೋರಿಸಿದ್ನಲ್ಲ ನಿಮಗೆ?"

"ವೆಬ್‌ಸೈಟಲ್ಲಿ ನೂರೆಂಟು ಇರ್ತವೆ ಮೇಡಂ. ಕ್ಲಿನಿಕ್‌ನವರೇ ಬಾಯಿಬಿಟ್ಟು ಹೇಳಿದಾರಲ್ಲ? ಕಾನೂನೇ ನನಗೆ ಹೇಳಬೇಕು ಅಂದಮೇಲೆ, ನಿರ್ಧಾರನೂ ನಂದೇ."

ಇದೇ ಈ ಮನುಷ್ಯನ ಫಜೀತಿ. ಕೆಟ್ಟವರಲ್ಲ. ಖಾಲಿ ರಸ್ತೆಯಲ್ಲೂ ಸಿಗ್ನಲ್ಲಿನ ಹಸಿರು ಮನುಷ್ಯ ಬೆಳಗುವ ತನಕ ದಾಟದೆ ನಿಲ್ಲುವ ಪ್ರಾಣಿ. ಕಾನೂನು ಎಂದರೆ ಇವರಿಗೆ ದೇವರ ಕೋಣೆ, ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವುದಿಲ್ಲ. ಬೆಂಗಳೂರಿನಲ್ಲಿರುವ ಇವರ ಅಕ್ಕ ಆಗಲೇ ಎಲ್ಲ ಏರ್ಪಾಡು ಮಾಡಿಟ್ಟಿದ್ದಳು. ಹೆರಿಗೆಯಾಗುವವರೆಗೆ ಹುಡುಗಿ ಅಲ್ಲೇ ಇರಲಿ, ಓದು ಎಲ್ಲಿಗೂ ಓಡಿಹೋಗುವುದಿಲ್ಲ, ಮಗುವಿನ ವಿಚಾರ ಆಮೇಲೆ ನೋಡೋಣ ಅಂತ.

ಆದರೆ ಇವತ್ತು ಮಧ್ಯಾಹ್ನ ನಿಸರ್ಗಾಳಿಗೆ ಒಂದೂವರೆ ತಾಸು ದೂರದ ಕಿಲ್ಕೆನ್ನಿಯ ಡಾಕ್ಟರ ಬಳಿ ಎರಡನೆಯ ಭೇಟಿಯಿತ್ತು. ಮೊದಲನೆಯದು ಆಗಿ, ಇಲ್ಲಿಯ ನಿಯಮದಂತೆ ಮೂರು ದಿನ ಕಾದದ್ದೂ ಆಗಿತ್ತು. ಹನ್ನೆರಡು ವಾರ ದಾಟಿದರೆ ಈ ದೇಶದಲ್ಲಿ ಆ ಬಾಗಿಲು ಮುಚ್ಚಿದಂತೆಯೇ. ಸಂಜೆ ವಿಮಾನ ಹತ್ತಿಸಿದರೆ ಈ ಹುಡುಗಿಯ ಮೈ, ಈ ಹುಡುಗಿಯ ಪರೀಕ್ಷೆ, ಈ ಹುಡುಗಿಯ ಮುಂದಿನ ದಿನಗಳು ಎಲ್ಲವೂ ಅವಳು ವರ್ಷಕ್ಕೊಮ್ಮೆ ನೋಡುವ ಸೋದರತ್ತೆಯ ಕೈಗೆ ಹೋಗುತ್ತವೆ.

ನಿಸರ್ಗಾ ಮೆಟ್ಟಿಲ ಮೇಲೆ ಸ್ಕೂಲಿನ ಸ್ವೆಟರ್ ಹಾಕಿಕೊಂಡೇ ಕೂತಿದ್ದಳು. ಪಾಸ್‌ಪೋರ್ಟು ಅಪ್ಪನ ಅಂಗಿ ಜೇಬಿನಲ್ಲಿತ್ತು. ನಾನು ಹತ್ತಿರ ಹೋದಾಗ ಕಣ್ಣೊರೆಸಿಕೊಂಡು, "ಐಯಾಮ್ ಗ್ರ್ಯಾಂಡ್, ಆಂಟಿ," ಎಂದಳು. ಈ ದೇಶದ ಮಕ್ಕಳು ಮುಳುಗುವಾಗಲೂ ಗ್ರ್ಯಾಂಡ್, ಅಂದರೆ ಚೆನ್ನಾಗಿದೀನಿ, ಅಂತಲೇ ಅನ್ನುವುದು.

ನಾನು ಅಡುಗೆಮನೆಗೆ ನುಗ್ಗಿದೆ. ತಾಯಿ ವಂದನಾ ಒಲೆಯ ಮುಂದೆ ಏನೂ ಮಾಡದೆ ನಿಂತಿದ್ದಳು.

"ವಂದನಾ, ಆ ಹೆಂಗಸು 'ಎರಡು ತಿಂಗಳು' ಅಂದ್ಲಂತೆ. ಇಲ್ಲಿಯ ಡಾಕ್ಟರು, ನರ್ಸು ಯಾರಾದ್ರೂ ತಿಂಗಳಲ್ಲಿ ಮಾತಾಡೋದು ಕೇಳಿದೀಯಾ?"

ವಂದನಾ ಯೋಚಿಸಿದಳು. "ಇಲ್ಲಕ್ಕ. ವಾರ ಅಂತಾರೆ. ನಿಸರ್ಗಾ ಹುಟ್ಟೋವಾಗ್ಲೂ ವಾರದ ಲೆಕ್ಕಾನೇ."

"ಅಂದ್ಮೇಲೆ ಆಕೆ ಕ್ಲಿನಿಕ್ಕಿನವಳಲ್ಲ. ನಿಸರ್ಗಾ ನನ್ನ ಬಿಟ್ಟು ಇನ್ನ್ಯಾರಿಗೂ ಹೇಳಿಲ್ಲ. ನಿಂಗೇ ಗೊತ್ತಿರ್ಲಿಲ್ಲ. ಹಾಗಿದ್ರೆ ಅವಳ ತಿಂಗಳ ಲೆಕ್ಕ ಹೊರಗಿನ ಯಾವಳಿಗೆ ಗೊತ್ತಾಯ್ತು?"

ವಂದನಾಳ ಮುಖದಲ್ಲಿ ಏನೋ ಹೊಳೆದದ್ದು ಕಂಡಿತು. ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಅಕ್ಕಾ... ಸಂಕಷ್ಟಿ."

"ಏನು ಸಂಕಷ್ಟಿ?"

"ಪ್ರತಿ ಸಂಕಷ್ಟಿಗೂ ನಾವು ಕಾತ್ಯಾಯಿನಿ ಅವರ ಮನೇಲಿ ಸೇರ್ತೀವಲ್ಲ. ಒಂದು ವರ್ಷದಿಂದ ನಿಸರ್ಗಾಗೆ ಸರಿಯಾಗಿ ಅವತ್ತೇ ತಿಂಗಳ ರಜಾ ಬರ್ತಿತ್ತು. ಬಾಲ್ಕನಿಯಲ್ಲಿ ಬೇರೆ ತಟ್ಟೆ ಇಟ್ಕೊಂಡು ಕೂರೋಳು ಪಾಪ. 'ನಿಸರ್ಗಾಗೂ ಗಣಪತಿಗೂ ಟೂ' ಅಂತ ಕಾತ್ಯಾಯಿನಿ ತಮಾಷೆ ಮಾಡೋರು. ಹೋದ ಎರಡು ಸಂಕಷ್ಟಿಗೂ ಅವಳು ಒಳಗೇ ಬಂದ್ಲು. ಆರತಿನೂ ಎತ್ತಿದ್ಲು. ನಂಗೆ... ನಂಗೆ ತಲೆಗೇ ಹೋಗ್ಲಿಲ್ಲ ನೋಡಿ."

"ಕಾತ್ಯಾಯಿನಿ ಏನಾದ್ರೂ ಅಂದ್ರಾ?"

"ಹೋದ ಸಲ ನಿಸರ್ಗಾನ್ನ ನೋಡ್ಕೊಂಡೇ ಇದ್ರು. ಏನೂ ಅನ್ಲಿಲ್ಲ."

ನಮ್ಮ ಮನೆಯಲ್ಲಿ ಈ ಲೆಕ್ಕವೇ ಇಲ್ಲ. ಲಿಂಗ ಕಟ್ಟಿದ ಮೈಗೆ ಸೂತಕ ಎಲ್ಲಿಯದು ಎನ್ನುತ್ತಿದ್ದಳು ನಮ್ಮಜ್ಜಿ. ಅದಕ್ಕೇ ನನಗೆ ಈ ಸುಳಿವು ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ. ಬಾಲ್ಕನಿಯಲ್ಲಿ ಕೂತರೂ ಊರಿಗೆಲ್ಲ ಸುದ್ದಿ, ಕೂರದಿದ್ದರೂ ಸುದ್ದಿ! ಹೆಣ್ಣುಮಕ್ಕಳು ಎಲ್ಲಿ ಕೂತುಕೊಳ್ಳಬೇಕು ಹಾಗಾದರೆ?

ಹೊರಗೆ ಬಂದು ಮೂರ್ತಿಯ ಎದುರು ನಿಂತೆ.

"ಬನ್ನಿ ನನ್ನ ಜೊತೆ. ಫೋನ್ ಮಾಡಿದವಳನ್ನ ನಿಮ್ಮ ಕಣ್ಣೆದುರು ಒಪ್ಪಿಸ್ತೀನಿ. ಒಪ್ಪಿಸದಿದ್ರೆ ಈ ಸೂಟ್‌ಕೇಸು ನಾನೇ ಹೊತ್ತು ಏರ್‌ಪೋರ್ಟಿಗೆ ಬಿಡ್ತೀನಿ."

"ಒಪ್ಪಿಸಿದ್ರೆ?"

"ನಿಮ್ಮ ಕಾರಲ್ಲೇ ಕಿಲ್ಕೆನ್ನಿ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಕಾರಿನ ಕೀ ತೆಗೆದುಕೊಂಡರು.

ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ ಕಾತ್ಯಾಯಿನಿಯ ಫ್ಲ್ಯಾಟು. ಕಿಟಕಿಯಾಚೆ ನೀರು, ಗಾಜಿನ ಆಫೀಸುಗಳು, ಕುತ್ತಿಗೆಗೆ ಬ್ಯಾಡ್ಜು ನೇತುಹಾಕಿಕೊಂಡು ಸೈಕಲ್ ತುಳಿಯುವವರು. ಕಿಟಕಿಯ ಈಚೆ ಬೆಳ್ಳಿ ದೀಪ, ಊದುಬತ್ತಿ, ಫಿಲ್ಟರ್ ಕಾಫಿ. ಗಂಡ ದೊಡ್ಡ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಈಕೆ ಇಡೀ ಕನ್ನಡ ಬಳಗಕ್ಕೇ ದೊಡ್ಡಮ್ಮ.

"ಅಯ್ಯೋ ಬನ್ನಿ ಬನ್ನಿ! ಮೂರ್ತಿ, ಇದೇನ್ರೀ ಇಷ್ಟು ಸೊರಗಿಹೋಗಿದೀರಾ? ಪಾರ್ವತಿಯವರೇ, ಕಾಫಿಗೆ ಸಕ್ಕರೆ ಹಾಕ್ಲಾ?"

"ಹಾಕಿ. ಇವತ್ತು ಸಿಹಿ ಬೇಕು ನನಗೆ."

ಮೂರ್ತಿ ಸೋಫಾದ ತುದಿಯಲ್ಲಿ ಕೂತರು. ದಾರಿಯಲ್ಲೇ ಅವರಿಗೆ ತಾಕೀತು ಮಾಡಿದ್ದೆ: ಬಾಯಿ ಮುಚ್ಚಿಕೊಂಡಿರಿ, ಕಿವಿ ತೆರೆದಿಟ್ಟುಕೊಳ್ಳಿ.

ಕಳ್ಳನನ್ನು ಹಿಡಿಯಲು ಎರಡು ದಾರಿ. ಒಂದು ಬೆದರಿಸುವುದು. ಇನ್ನೊಂದು ಹೊಗಳುವುದು. ಮೊದಲನೆಯದು ಕಾನ್‌ಸ್ಟೆಬಲ್‌ಗಳಿಗೆ ಇಷ್ಟ, ಎರಡನೆಯದು ನನಗೆ.

"ಕಾತ್ಯಾಯಿನಿಯವರೇ, ನಿಮ್ಮ ಅನುಭವ ಸ್ವಲ್ಪ ಬೇಕಿತ್ತು. ಮೈಸೂರಲ್ಲಿ ನಿಮ್ಮಣ್ಣನ ನರ್ಸಿಂಗ್ ಹೋಮ್ ನೀವೇ ನಡೆಸ್ತಿದ್ರಂತಲ್ಲ?"

ಅವರ ಮುಖ ಅರಳಿತು. "ನಡೆಸ್ತಿದ್ದೆ ಅಂದ್ರೆ? ಅಣ್ಣ ಆಪರೇಷನ್ ಮಾಡೋನು, ಮಿಕ್ಕಿದ್ದೆಲ್ಲ ನಾನೇ. ಅಡ್ಮಿಷನ್, ಪೊಲೀಸು, ಇನ್‌ಸ್ಪೆಕ್ಷನ್ನು, ಎಲ್ಲಾ!"

"ಅದಕ್ಕೇ ಬಂದೆ. ನಾನೊಂದು ಕೇಸ್ ನೋಡ್ತಿದೀನಿ. ಇಲ್ಲಿಯ ಡಾಕ್ಟರೊಬ್ಬರು ಹದಿನೇಳು ವರ್ಷದ ಹುಡುಗಿಗೆ ಅಬಾರ್ಷನ್ ಮಾತ್ರೆ ಕೊಡಬಹುದು ಅಂತಿದಾರೆ. ಅದು ಹೇಗೆ ಸಾಧ್ಯ ಅಂತ ನಂಗೆ ಅನುಮಾನ."

"ಸಾಧ್ಯಾನೇ ಇಲ್ಲ!" ಕಾತ್ಯಾಯಿನಿ ಲೋಟ ಕೆಳಗಿಟ್ಟರು. "ಹದಿನೆಂಟು ತುಂಬೋವರೆಗೂ ಗಾರ್ಡಿಯನ್ ಸೈನ್ ಇಲ್ದೆ ಮುಟ್ಟೋ ಹಾಗೇ ಇಲ್ಲ. ಹೆತ್ತವರಿಗೆ ತಿಳಿಸಲೇಬೇಕು. ಅದು ಕಾನೂನು."

"ಎಲ್ಲಿಯ ಕಾನೂನು?"

"ಎಲ್ಲಿಯದು ಅಂದ್ರೆ? ಎಲ್ಲಾ ಕಡೆ ಅಷ್ಟೇ ಅಲ್ವಾ?"

"ಇಲ್ಲ ಕಾತ್ಯಾಯಿನಿಯವರೇ. ಹದಿನೆಂಟರ ಲೆಕ್ಕ, ಗಾರ್ಡಿಯನ್ ಸಹಿ, ಅದೆಲ್ಲಾ ನಮ್ಮ ಇಂಡಿಯಾದ್ದು. ಇಲ್ಲಿ ಹದಿನಾರು. ಹದಿನೇಳರ ಹುಡುಗಿ ಬಂದ ವಿಷಯವನ್ನ ಅವಳನ್ನ ಕೇಳದೆ ಅಪ್ಪನಿಗೆ ಹೇಳಿದ್ರೆ ಇಲ್ಲಿಯ ಕ್ಲಿನಿಕ್ಕಿನವಳ ಕೆಲಸ ಹೋಗತ್ತೆ. ಈ ದೇಶದಲ್ಲಿ ಹುಟ್ಟಿ ಬೆಳೆದ ಯಾವ ನರ್ಸೂ ಈ ತಪ್ಪು ಮಾಡಲ್ಲ. ಇದು ಬೆಂಗಳೂರು ಫ್ಲೈಟಲ್ಲಿ ನಮ್ಮ ಜೊತೇಲೇ ಬಂದಿಳಿದ ಕಾನೂನು."

ಸೋಫಾದ ತುದಿಯಿಂದ ಮೂರ್ತಿ ನಿಧಾನವಾಗಿ ಎದ್ದು ನಿಂತರು. ಕಾತ್ಯಾಯಿನಿಯನ್ನೇ ನೋಡುತ್ತಿದ್ದರು.

ಕಾತ್ಯಾಯಿನಿ ಅವರನ್ನು ನೋಡಿದರು, ನನ್ನನ್ನು ನೋಡಿದರು. "ಯಾಕ್ರೀ ಹಾಗೆ ನೋಡ್ತೀರಾ? ನಾನೇನು ನಿಮಗೆ ಫೋನ್ ಮಾಡಿದ್ನಾ?"

ಮೂರ್ತಿಗೆ ಬಂದ ಫೋನಿನ ಮಾತನ್ನು ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ನಾನು ಕಾಫಿ ಹೀರಿದೆ. ಸಕ್ಕರೆ ಹದವಾಗಿತ್ತು.

"ಆದ್ರೆ ಆ ಹೆಂಗಸು ಐರಿಶ್..." ಎಂದು ಮೂರ್ತಿ ತೊದಲಿದರು. ಅಷ್ಟರಲ್ಲಿ ಅವರಿಗೇ ಹೊಳೆಯಿತು. "ಯುಗಾದಿ ಕಾರ್ಯಕ್ರಮ! ಸ್ಟೇಜ್ ಮೇಲೆ ಐರಿಶ್ ಅಜ್ಜಿ ಮಿಮಿಕ್ರಿ ಮಾಡಿದ್ರಿ ನೀವು. ನಾನೇ ಒನ್ಸ್ ಮೋರ್ ಅಂತ ಕೂಗಿದ್ದೆ."

ಕಾತ್ಯಾಯಿನಿ ಕುಸಿದು ಕೂತರು. ಅಳುತ್ತಾರೆಂದುಕೊಂಡೆ. ಅಳಲಿಲ್ಲ, ತಿರುಗಿಬಿದ್ದರು.

"ಹೌದು, ಮಾಡ್ದೆ! ಏನೀಗ? ಕಣ್ಣೆದುರಿಗೇ ಎರಡು ಸಂಕಷ್ಟಿ ದಾಟ್ತು. ಹುಡುಗಿ ಕಡುಬು ಮುಟ್ಟಿದ್ರೆ ವಾಕರಿಕೆ ಅಂತಿದ್ಲು. ತಾಯಿಗೆ ಗೊತ್ತಾಗ್ಲಿಲ್ಲ, ತಂದೆಗೆ ಗೊತ್ತಾಗ್ಲಿಲ್ಲ. ಹೆತ್ತವರಿಗೆ ಗೊತ್ತಾಗಬಾರದಾ ಪಾರ್ವತಿಯವರೇ? ನನ್ನ ಮಗಳಾಗಿದ್ರೆ ನಂಗೆ ಗೊತ್ತಾಗಬೇಕಿತ್ತು."

"ಗೊತ್ತಾಗಬೇಕು ಅಂದ್ರೆ ಮಗಳು ಬಂದು ಹೇಳೋ ಹಾಗೆ ನಾವಿರಬೇಕು. ಕಳ್ಳದನಿಯಲ್ಲಿ ಫೋನ್ ಮಾಡಿ ಹೇಳಿಸೋದಲ್ಲ. ನಿಜವಾಗ್ಲೂ ಕಾಳಜಿ ಇದ್ದಿದ್ರೆ ಹುಡುಗಿ ಹೆಗಲ ಮೇಲೆ ಕೈಯಿಟ್ಟು 'ಏನಮ್ಮಾ' ಅಂತ ಕೇಳಬಹುದಿತ್ತಲ್ಲ? ಬಾಲ್ಕನಿ ತಟ್ಟೆ ಎಣಿಸೋಕೆ ನಿಮಗೆ ಟೈಮಿತ್ತು, ಅದಕ್ಕಿರ್ಲಿಲ್ಲವಾ?"

ಆಕೆ ಮುಖವನ್ನು ಕಿಟಕಿಯತ್ತ ತಿರುಗಿಸಿದರು. ಸಣ್ಣ ದನಿಯಲ್ಲಿ, "ಕ್ಲಿನಿಕ್ ಅಂದಿದ್ದು ಸುಮ್ನೆ ಊಹೆ. ಅವಳು ಎಲ್ಲಿಗೆ ಹೋಗಿದ್ಲೋ, ಯಾವ ಡಾಕ್ಟರೋ, ದೇವರಾಣೆ ನಂಗೆ ಗೊತ್ತಿಲ್ಲ," ಎಂದರು. ಆ ಮಾತು ನಿಜವೆಂದು ನನಗನ್ನಿಸಿತು.

ಮೂರ್ತಿ ಅವರತ್ತ ತಿರುಗಿಯೂ ನೋಡಲಿಲ್ಲ. ನನ್ನನ್ನು ಕೇಳಿದರು. "ಮೇಡಂ, ಹಾಗಾದ್ರೆ ಅದು ಕಾನೂನೇ ಅಲ್ಲ?"

"ಅಲ್ಲ."

"ನನ್ನ ಸೈನ್ ಯಾರೂ ಕೇಳಿಲ್ಲ?"

"ಯಾರೂ ಕೇಳಿಲ್ಲ ಮೂರ್ತಿಯವರೇ."

ಲಿಫ್ಟಿನಲ್ಲಿ ಕೆಳಗಿಳಿಯುವಾಗ ಅವರು ಕನ್ನಡಿಯ ಕಡೆ ಮುಖ ಮಾಡಿ ಅತ್ತರು. ಗಂಡಸು ಅಳುವಾಗ ಏನು ಮಾಡಬೇಕೆಂದು ಪೊಲೀಸ್ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿರಲಿಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತೆ.

ಮನೆಗೆ ಬಂದವರೇ ಅವರು ನೇರ ಮೆಟ್ಟಿಲ ಬಳಿ ಹೋದರು. ಅಂಗಿ ಜೇಬಿನಿಂದ ಪಾಸ್‌ಪೋರ್ಟು ತೆಗೆದು ಮಗಳ ಮಡಿಲಲ್ಲಿಟ್ಟರು.

"ನಂಗೆ ಇದು ಇಷ್ಟ ಇಲ್ಲ ಪುಟ್ಟಾ. ಸುಳ್ಳು ಹೇಳಲ್ಲ. ಆದ್ರೆ ನಿನ್ನ ಜಾಗದಲ್ಲಿ ನಿಂತು ಹೂಂ ಅನ್ನೋಕೂ ಊಹೂಂ ಅನ್ನೋಕೂ ನಾನ್ಯಾರೂ ಅಲ್ಲ. ಟಿಕೆಟ್ ಕ್ಯಾನ್ಸಲ್ ಮಾಡ್ದೆ. ನಮ್ಮಕ್ಕನಿಗೆ ನಾನೇ ಹೇಳ್ಕೋತೀನಿ. ನೀನು ಹೋಗ್ತೀನಿ ಅಂದ್ರೆ ಕಾರ್ ತೆಗೀತೀನಿ."

ನಿಸರ್ಗಾಳ ಬಾಯಲ್ಲಿ ನಾನು ಮೊದಲ ಬಾರಿಗೆ ಪೂರ್ತಿ ಕನ್ನಡ ಕೇಳಿದೆ. "ಹೋಗ್ತೀನಿ ಅಪ್ಪಾ. ನಿಂಗೆ ಹೇಳಬೇಕು ಅಂತಿದ್ದೆ. ಭಯ ಆಗ್ತಿತ್ತು."

"ನನ್ನ ಕಂಡ್ರಾ?"

"ಹೂಂ."

ಅವರು ಅವಳ ಪಕ್ಕ ಅದೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ವಂದನಾ ಸೂಟ್‌ಕೇಸೊಂದನ್ನು ಕಾಲಿನಿಂದಲೇ ಪಕ್ಕಕ್ಕೆ ತಳ್ಳಿ ಇಬ್ಬರನ್ನೂ ಬಾಚಿ ತಬ್ಬಿಕೊಂಡಳು. ಗೆದ್ದೆವು ಕಣ್ರೀ! ಎಷ್ಟೋ ಕಳ್ಳರಿಗೆ ಕೋಳ ಹಾಕಿದ್ದೇನೆ, ಬಡ್ತಿ ಕಂಡಿದ್ದೇನೆ, ಆ ಹೊತ್ತು ಆದಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ.

ಕಿಲ್ಕೆನ್ನಿಯವರೆಗೂ ಮೂರ್ತಿ ಒಮ್ಮೆಯೂ ವೇಗದ ಮಿತಿ ಮೀರಲಿಲ್ಲ. ಇಷ್ಟು ದೂರ ಯಾಕಮ್ಮ ಬಂದೆ ಎಂದು ವಂದನಾ ಕೇಳಿದಾಗ ನಿಸರ್ಗಾ, "ಡಬ್ಲಿನ್ನಲ್ಲಿ ಎಲ್ಲಿಗೆ ಹೋದ್ರೂ ಕನ್ನಡ ಆಂಟಿ ಒಬ್ರು ಸಿಗ್ತಾರೆ," ಎಂದಳು. ನಾವೆಲ್ಲ ನಕ್ಕೆವು. ಮೂರ್ತಿಯ ಭುಜವೂ ಕುಲುಕಿತು.

ಹಳೆಯ ಕಲ್ಲಿನ ಗೋಡೆಗಳ ಕಿರುಬೀದಿಯಲ್ಲಿ ಪುಟ್ಟ ಕ್ಲಿನಿಕ್ಕು. ಮೇಜಿನ ಹಿಂದೆ ನರೆಗೂದಲಿನ ಐರಿಶ್ ಹೆಂಗಸು. ಮೂರ್ತಿ ಆಕೆಯ ಮುಂದೆ ನೆಟ್ಟಗೆ ನಿಂತು, ತಾನೆಲ್ಲಿ ಸಹಿ ಮಾಡಬೇಕೆಂದು ಕೇಳಿದರು. ಕೊನೆಯ ಸಲ ಖಾತ್ರಿ ಮಾಡಿಕೊಳ್ಳದಿದ್ದರೆ ಅವರು ವೆಂಕಟೇಶಮೂರ್ತಿಯೇ ಅಲ್ಲ.

ಆಕೆ ನಕ್ಕಳು. ನಿಮ್ಮ ಸಹಿ ಏನೂ ಬೇಡಪ್ಪಾ, ಅವಳದೇ ಸಾಕು, ನೀವು ಬೇಕಾದರೆ ಚಹಾ ಕುಡಿಯಿರಿ ಎಂದಳು. ಮೂರ್ತಿ ನನ್ನ ಕಡೆ ತಿರುಗಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯೇ ನನ್ನ ಫೀಸು.

ಆಗ ಆಕೆ ಕಂಪ್ಯೂಟರ್ ನೋಡಿ ಹುಬ್ಬುಗಂಟಿಕ್ಕಿದಳು. ಇಂಗ್ಲಿಷಿನಲ್ಲಿ ಅವಳು ಹೇಳಿದ್ದು ಇಷ್ಟು: "ನೀನು ಬಂದದ್ದು ಒಳ್ಳೇದಾಯ್ತಮ್ಮ. ಬೆಳಿಗ್ಗೆ ನಿಮ್ಮಮ್ಮ ಫೋನ್ ಮಾಡಿ ಈ ಭೇಟಿ ಬೇಡ, ರದ್ದು ಮಾಡಿ ಅಂದ್ರಲ್ಲ. ಹುಡುಗಿ ಬಾಯಿಂದಲೇ ಕೇಳೋತನಕ ಜಾಗ ಹಾಗೇ ಇಡು ಅಂತ ಡಾಕ್ಟರು ಹೇಳಿದ್ರು."

ವಂದನಾ ಬಿಳಿಚಿಕೊಂಡಳು. "ನಾನಾ? ನಾನು ಮಾಡಿಲ್ಲ!"

"ಅಮ್ಮ ಬೆಳಿಗ್ಗೆಯಿಂದ ಮನೇಲಿ ನನ್ನ ಕಣ್ಣೆದುರೇ ಇದ್ರು," ಎಂದಳು ನಿಸರ್ಗಾ.

ಕರೆ ಯಾವಾಗ ಬಂತೆಂದು ಕೇಳಿದೆ. ಆಕೆ ಹೇಳಿದ ಹೊತ್ತಿಗೆ ಕಾತ್ಯಾಯಿನಿ ನಮ್ಮೆದುರಿನ ಸೋಫಾದಲ್ಲೇ ಇದ್ದರು. ನನ್ನ ಕಣ್ಣು ಅವರ ಮೇಲಿಂದ ಕದಲಿರಲಿಲ್ಲ.

"ಯಾರೋ ಅಮ್ಮ ಅಂದ ತಕ್ಷಣ ನೀವು ನಂಬಿಬಿಡ್ತೀರಾ?" ಎಂದು ದಬಾಯಿಸಿದೆ.

ಆಕೆಗೂ ಸಿಟ್ಟು ಬಂತು. ಮೊದಲ ಭೇಟಿಯಲ್ಲೇ ಅಲ್ಲಿ ಹುಡುಗಿಯಿಂದ ಒಂದು ಗುಟ್ಟಿನ ಮಾತು ಕೇಳಿ ಇಟ್ಟುಕೊಳ್ಳುತ್ತಾರಂತೆ. ಅವಳ ಪರವಾಗಿ ಯಾರು ಫೋನ್ ಮಾಡಿದರೂ ಆ ಮಾತು ಹೇಳಬೇಕು. ಹೇಳದಿದ್ದರೆ ಆ ಹೆಸರಿನವರು ಇಲ್ಲಿಗೆ ಬಂದೇ ಇಲ್ಲ ಎಂದು ಫೋನ್ ಇಡುತ್ತಾರೆ.

"ಬೆಳಿಗ್ಗೆ ಫೋನ್ ಮಾಡಿದವಳು ಆ ಮಾತು ಸರಿಯಾಗಿ ಹೇಳಿದ್ಲು," ಎಂದಳು ಆಕೆ.

ನಾನು ನಿಸರ್ಗಾಳ ಕಡೆ ತಿರುಗಿದೆ. "ಯಾರಿಗೆ ಹೇಳಿದ್ದೆ ಪುಟ್ಟಾ ಅದನ್ನ?"

ಅವಳು ನನ್ನನ್ನೇ ನೋಡುತ್ತಿದ್ದಳು. "ನಿಮಗೆ ಆಂಟಿ. ನೀವು ಇಲ್ಲಿಗೆ ಫೋನ್ ಮಾಡಿ ವಿಚಾರಿಸೋಕೆ ಬೇಕು ಅಂದ್ರಲ್ಲ. ನಿಮಗೆ ಮಾತ್ರ."

ಒಳಗಿನ ಬಾಗಿಲು ತೆರೆಯಿತು. ಡಾಕ್ಟರು ಹೊರಗೆ ಬಂದು ನಿಸರ್ಗಾಳ ಹೆಸರು ಕರೆದರು. ಹುಡುಗಿ ಎದ್ದಳು. ಅಪ್ಪನ ಕೈ ಒತ್ತಿದಳು, ಅಮ್ಮನ ತೋಳು ಹಿಡಿದಳು, ತಲೆಯೆತ್ತಿಕೊಂಡೇ ಒಳಗೆ ನಡೆದಳು. ಅವಳಿಗಾಗಿ ನನ್ನ ಎದೆ ಉಬ್ಬಿತು.

ನಾನು ಆ ಮಾತನ್ನು ಯಾರಿಗೂ ಹೇಳಿರಲಿಲ್ಲ. ಆದರೆ ಕ್ಲಿನಿಕ್ಕಿಗೆ ಫೋನ್ ಮಾಡಿದ್ದು ನಮ್ಮ ಮನೆಯ ಅಡುಗೆಮನೆಯಲ್ಲಿ ನಿಂತು. ನನ್ನದು ಪೊಲೀಸ್ ಗಂಟಲು, ಪಿಸುಗುಟ್ಟಿ ಅಭ್ಯಾಸವಿಲ್ಲ.

ಕೈಯಲ್ಲಿದ್ದ ಫೋನು ಅದುರಿತು. ನನ್ನ ಮಗಳು ನವ್ಯಾ. ಇನ್ಶೂರೆನ್ಸ್ ಕೆಲಸಕ್ಕೆ ಕಾರ್ಕ್‌ಗೆ ಹೋಗುತ್ತೇನೆಂದು ಅವಳಿಗೆ ಹೇಳಿ ಬಂದಿದ್ದೆ.

"ಅಮ್ಮಾ, ಆ ಹುಡುಗಿ ಒಳಗೆ ಹೋದ್ಲಾ?"

"ಯಾವ ಹುಡುಗಿ ನವ್ಯಾ?"

"ಕಿಲ್ಕೆನ್ನೀಲಿ ನಿನ್ನ ಜೊತೆ ಇರೋ ಹುಡುಗಿ. ಬೆಳಿಗ್ಗೆ ಅಲ್ಲಿಗೆ ಫೋನ್ ಮಾಡಿ ಬೇಡ ಅಂದಿದ್ದು ನಾನೇ. ಇನ್ನೂ ಹೋಗಿಲ್ಲ ಅಂತ ಹೇಳಮ್ಮಾ, ಪ್ಲೀಸ್."

ಅವಳು ಬಿಕ್ಕಿಬಿಕ್ಕಿ ಅಳುತ್ತಿದ್ದಳು.